ಪಿಲಾಟೀಸ್

ಪಿಲಾಟೀಸ್ ಎಂಬುದು ಉಸಿರಾಟದ ಲಯಕ್ಕೆ ಹೊಂದಿಕೊಂಡು, ನಿಧಾನವಾದ ಹಾಗೂ ನಿಯಂತ್ರಿತ ಚಲನೆಗಳಿಂದ ಕೂಡಿದ ವ್ಯಾಯಾಮ ಪದ್ಧತಿ. ಇದನ್ನು ರೂಪಿಸಿದವರು ಜರ್ಮನಿಯಲ್ಲಿ ಜನಿಸಿದ ಜೋಸೆಫ್ ಪಿಲಾಟೀಸ್ (1883–1967). ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಬಂಧನ ಶಿಬಿರದಲ್ಲಿದ್ದಾಗ ಅವರು ಇದನ್ನು ಬೆಳೆಸಿದರು. 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ವ್ಯಾಯಾಮಶಾಲೆ ತೆರೆದರು. ತಮ್ಮ ಪದ್ಧತಿಯನ್ನು ಅವರು 'ಕಂಟ್ರಾಲಜಿ' ಎಂದು ಕರೆದಿದ್ದರು.

ಅಭ್ಯಾಸ ಕ್ರಮ

ಹೊಟ್ಟೆ, ಬೆನ್ನು ಮತ್ತು ಸೊಂಟದ ಸ್ನಾಯುಗಳಿಗೆ ಇಲ್ಲಿ ಪ್ರಾಧಾನ್ಯ. ಅಭ್ಯಾಸವನ್ನು ಚಾಪೆಯ ಮೇಲೆ ಅಥವಾ ಸ್ಪ್ರಿಂಗುಗಳುಳ್ಳ 'ರಿಫಾರ್ಮರ್' ಎಂಬ ಉಪಕರಣದ ಮೇಲೆ ಮಾಡಲಾಗುತ್ತದೆ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಉಸಿರು ಬಿಡುತ್ತ ಸೊಂಟವನ್ನು ಮೆಲ್ಲಗೆ ಎತ್ತುವುದು ಆರಂಭಿಕರ ಸರಳ ಚಲನೆಗಳಲ್ಲೊಂದು.

ಪರಿಣಾಮ

2015ರ ಕೊಕ್ರೇನ್ ವಿಮರ್ಶೆಯ ಪ್ರಕಾರ, ಕೆಳಬೆನ್ನಿನ ನೋವಿಗೆ ಅತ್ಯಲ್ಪ ಚಿಕಿತ್ಸೆಗಿಂತ ಪಿಲಾಟೀಸ್ ಹೆಚ್ಚು ಉಪಯುಕ್ತ; ಆದರೆ ಇತರ ವ್ಯಾಯಾಮಗಳಿಗಿಂತ ಮೇಲು ಎಂಬುದಕ್ಕೆ ನಿರ್ಣಾಯಕ ಆಧಾರವಿಲ್ಲ. ಆದುದರಿಂದ ವ್ಯಾಯಾಮದ ಆಯ್ಕೆಯಷ್ಟೇ ಅದರ ನಿರಂತರತೆಯೂ ಮುಖ್ಯವಾಗುತ್ತದೆ.

ನಿರಂತರತೆ

ಹೊಸ ವರ್ಷದ ಆರಂಭದಲ್ಲಿ ಅನೇಕರು ವ್ಯಾಯಾಮದ ಸಂಕಲ್ಪ ಕೈಗೊಳ್ಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ವರ್ತನೆಯೊಂದು ರೂಢಿಯಾಗಲು ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳು ಬೇಕೆಂದು ಅಂದಾಜಿಸಲಾಯಿತು. ಮಧ್ಯಮ ಅವಧಿ 66 ದಿನ. ಎಂದರೆ, ಜನವರಿಯಲ್ಲಿ ಆರಂಭಿಸಿದ ಅಭ್ಯಾಸ ಮಾರ್ಚಿನವರೆಗೂ ಪ್ರಯಾಸವೆನಿಸುವುದು ಸಹಜ. ನಡುವೆ ಒಂದು ದಿನ ತಪ್ಪಿದರೂ ರೂಢಿಯ ಬೆಳವಣಿಗೆಗೆ ಗಣನೀಯ ಧಕ್ಕೆಯಾಗಲಿಲ್ಲವೆಂದು ಅದೇ ಅಧ್ಯಯನ ತಿಳಿಸುತ್ತದೆ.