ಇಲಿಜ್ವರವೂ ಊರಿನ ಚರಂಡಿಯೂ

ಇಲಿ ಬಿದ್ದಿತೆಂದರೆ ಊರು ಬಿಡುವ ಕಾಲವೊಂದಿದ್ದಿತು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಮೈಸೂರು ಸೀಮೆಯ ಅನೇಕ ಊರುಗಳಿಗೆ ಹಬ್ಬಿದಾಗ, ಅಟ್ಟದಿಂದ ಸತ್ತ ಇಲಿಯೊಂದು ಬಿದ್ದೊಡನೆ ಜನರು ಪಾತ್ರೆಪಡಗಗಳನ್ನು ಕಟ್ಟಿಕೊಂಡು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿಯ ಮೈಮೇಲಣ ಚಿಗಟಗಳು ಮನುಷ್ಯನನ್ನು ಅರಸಿ ಬರುತ್ತವೆಂಬುದನ್ನು ಸೀಮೋಂ ಎಂಬ ಫ್ರೆಂಚ್ ವೈದ್ಯನು ಕಂಡುಕೊಂಡುದು ಅದೇ ವರ್ಷದಲ್ಲಿ. ನಮ್ಮ ಹಿರಿಯರಿಗೆ ಕಾರಣವು ತಿಳಿಯದಿದ್ದರೂ ಸೂಚನೆಯು ತಿಳಿದಿದ್ದಿತು.

ಈಗ ಮಳೆಗಾಲದಲ್ಲಿ ಶಿವಮೊಗ್ಗ, ಭದ್ರಾವತಿಗಳ ಜನರು ಅಂಜಬೇಕಾದ ಇಲಿಜ್ವರದಲ್ಲಿ ಆ ಸೂಚನೆಯೂ ಇಲ್ಲ. ಲೆಪ್ಟೊಸ್ಪೈರವೆಂಬ ಸುರುಳಿಯಾಕಾರದ ರೋಗಾಣುವು ಇಲಿಯ ಮೂತ್ರಪಿಂಡದಲ್ಲಿ ಮನೆಮಾಡಿಕೊಂಡಿದ್ದರೂ ಇಲಿಯು ಸಾಯುವುದಿಲ್ಲ. ಸುಖವಾಗಿ ಓಡಾಡುತ್ತ, ಹೋದಲ್ಲೆಲ್ಲ ಮೂತ್ರದೊಡನೆ ರೋಗವನ್ನು ಚೆಲ್ಲುತ್ತಿರುತ್ತದೆ. ಒದ್ದೆ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾರಗಟ್ಟಲೆ ಬದುಕಬಲ್ಲ ಈ ಅಣುವು ಕಾಲಿನ ಗಾಯ, ಹಿಮ್ಮಡಿಯ ಬಿರುಕು, ಕಣ್ಣು ಬಾಯಿಗಳ ಮೂಲಕ ಒಳಹೊಗುತ್ತದೆ. 1915ರ ಸುಮಾರಿಗೆ ಜಪಾನಿನ ಇನಾಡ, ಇಡೊ ಎಂಬ ವೈದ್ಯರು ಇದನ್ನು ಮೊದಲು ಗುರುತಿಸಿದುದು ಕಲ್ಲಿದ್ದಲ ಗಣಿಗಳ ಕೂಲಿಕಾರರ ಕಾಯಿಲೆಯಲ್ಲಿ. ನೀರಿನಲ್ಲಿ ನಿಂತು ದುಡಿಯುವವರ ರೋಗವಿದು.

2019ರ ಆಗಸ್ಟಿನಲ್ಲಿ ತುಂಗೆಯು ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದುದನ್ನು ವಾಚಕರು ಮರೆತಿರಲಾರರು. ಹೊಳೆಯ ನೀರು ಬಂದಾಗ ಬಿಲದ ಇಲಿಯು ಮನೆಯೊಳಕ್ಕೆ ಬರುತ್ತದೆ. ಚರಂಡಿಯೂ ಬೀದಿಯೂ ಒಂದಾಗುತ್ತವೆ. ಬರಿಗಾಲಿನಲ್ಲಿ ಅದನ್ನು ತುಳಿದವನಿಗೆ ಒಂದೆರಡು ವಾರಗಳ ತರುವಾಯ ಜ್ವರ, ತಲೆನೋವು, ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪೇರುವಿಕೆ ಕಾಣಬಹುದು. ಕೆಲವರಿಗೆ ಕಾಮಾಲೆಯಾಗಿ ಮೂತ್ರಪಿಂಡಗಳೇ ಕೆಲಸ ನಿಲ್ಲಿಸುತ್ತವೆ.

ನಮ್ಮ ಜಿಲ್ಲೆಯಲ್ಲಿ ಜ್ವರಗಳಿಗೆ ಬರಗಾಲವಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿದೆ, ಡೆಂಗೀ ಇದೆ. ಹೀಗಾಗಿ ಇಲಿಜ್ವರದ ಹೆಸರು ಕಡೆಗೆ ನೆನಪಾಗುವುದು. ಕಣ್ಣು ಹಳದಿಯಾಯಿತೆಂದು ಸೊಪ್ಪಿನ ರಸ ಕುಡಿಯುತ್ತ ವಾರ ಕಳೆಯುವವರು ಇನ್ನೂ ಇದ್ದಾರೆ. ವಿದ್ಯಾವಂತರ ಮನೆಗಳಲ್ಲಿಯೂ ಇದ್ದಾರೆ! ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ಗಳಂತಹ ಸಾಧಾರಣ ಔಷಧಗಳಿಂದ ಮೊದಲ ದಿನಗಳಲ್ಲಿ ಅಡಗಬಲ್ಲ ರೋಗವು, ಆ ವಾರ ಕಳೆದರೆ ಪ್ರಾಣಕ್ಕೇ ಸಂಚಕಾರವಾಗಬಹುದು. ಮೆಗ್ಗಾನ್ ಆಸ್ಪತ್ರೆಗೇ ಹೋಗಲಿ, ತಮ್ಮ ಬೀದಿಯ ವೈದ್ಯರಲ್ಲಿಗೇ ಹೋಗಲಿ, ಚರಂಡಿಯ ನೀರನ್ನು ತುಳಿದ ಸಂಗತಿಯನ್ನು ರೋಗಿಯು ತಾನಾಗಿ ಹೇಳತಕ್ಕದ್ದು.

ಆದರೆ ತಪ್ಪದೆ ದಿನವೂ ಅದನ್ನು ತುಳಿಯುವವರು ಪೌರಕಾರ್ಮಿಕರು. ಅವರಿಗೆ ಬೂಟು, ಕೈಗವಸುಗಳನ್ನು ಕೊಟ್ಟರೂ ತೊಡುವುದಿಲ್ಲವೆಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಅಳತೆಗೆ ಹೊಂದದ, ಒಳಗೆ ನೀರು ತುಂಬುವ ಬೂಟನ್ನು ತೊಟ್ಟು ಒಂದು ದಿನ ಚರಂಡಿಗಿಳಿದರೆ, ಈ ಮಾತನ್ನಾಡುವ ಮಹನೀಯರೂ ಅದನ್ನು ಬಿಚ್ಚಿಡುವರು. ಅವರವರ ಕಾಲಿನ ಅಳತೆ ತೆಗೆದು ಮಾಡಿಸಿಕೊಡುವುದು ನಗರಾಡಳಿತಕ್ಕೆ ಅಸಾಧ್ಯವಾದ ಕಾರ್ಯವಲ್ಲ.

ಇಲಿಪಾಷಾಣವೊಂದನ್ನೇ ನಂಬಿ ಫಲವಿಲ್ಲ. ಮೂರು ವಾರ ಗರ್ಭ ಧರಿಸಿ ಹಲವು ಮರಿ ಹಾಕುವ ಪ್ರಾಣಿಯಿದು. ಹೋಟಲಿನ ಎಂಜಲೂ ಅಂಗಡಿಯ ಕಾಳುಕಡ್ಡಿಯೂ ಚರಂಡಿಗೆ ಬೀಳುತ್ತಿರುವವರೆಗೆ ಸತ್ತವುಗಳ ಜಾಗಕ್ಕೆ ಬೇರೆಯವು ಬರುತ್ತವೆ. ಇದರಲ್ಲಿ ವರ್ತಕರ ಹೊಣೆಯು ಅಧಿಕಾರಿಗಳದಕ್ಕಿಂತ ಕಡಿಮೆಯದಲ್ಲ. ಎರಡು ಊರುಗಳಲ್ಲಿಯೂ ಮುಂಗಾರಿಗೆ ಮೊದಲೇ ಚರಂಡಿಗಳ ಹೂಳೆತ್ತಿಸಬೇಕು. ಎತ್ತಿದ ಹೂಳನ್ನು ದಂಡೆಯ ಮೇಲೆ ಗುಡ್ಡೆಹಾಕಿ ಬಿಟ್ಟರೆ ಮೊದಲ ಮಳೆಗೇ ಅದು ಒಳಕ್ಕಿಳಿಯುವುದರಿಂದ, ಅದೇ ದಿನ ಗಾಡಿಯಲ್ಲಿ ಹೇರಿ ಊರಾಚೆಗೆ ಸಾಗಿಸತಕ್ಕದ್ದು.