ಮೊಲದ ಕಿವಿ ನಿಮಿರಿದಾಗ

1957. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯ. ರೆಸರ್ಪಿನ್ ಎಂಬ ಔಷಧ ಚುಚ್ಚಿದ್ದ ಮೊಲಗಳು ಕಿವಿ ಜೋತುಬಿಟ್ಟು ಮುದ್ದೆಯಾಗಿ ಕೂತಿದ್ದವು. ರಕ್ತನಾಳಕ್ಕೆ ಡೋಪಾ ಎಂಬ ಅಮೈನೋ ಆಮ್ಲ ಸೇರಿಸಿದ್ದೇ ತಡ, ಕೆಲವೇ ನಿಮಿಷಗಳಲ್ಲಿ ಕಿವಿಗಳು ನಿಮಿರಿದವು, ಮೊಲಗಳು ಎದ್ದು ಓಡಾಡಿದವು. ಪಾರ್ಕಿನ್ಸನ್ ರೋಗಿಗಳು ಇಂದು ನುಂಗುವ ಮಾತ್ರೆಯ ಮೂಲ ಹುಡುಕುತ್ತ ಹೋದರೆ ಈ ಮೊಲಗಳು ಸಿಗುತ್ತವೆ.

ಪ್ರಯೋಗ ಮಾಡಿದ ಅರ್ವಿಡ್ ಕಾರ್ಲ್‌ಸನ್ ಮಿದುಳಿನತ್ತ ಬಂದದ್ದು ಒಂದು ಹುದ್ದೆ ಕೈತಪ್ಪಿದ್ದರಿಂದ. 1923ರಲ್ಲಿ ಉಪ್ಸಾಲಾದಲ್ಲಿ ಹುಟ್ಟಿದ ಅವರು ಬೆಳೆದದ್ದು ಲುಂಡ್‌ನಲ್ಲಿ. ತಂದೆ ಇತಿಹಾಸದ ಪ್ರಾಧ್ಯಾಪಕರು. ಮಗ ಹಿಡಿದದ್ದು ವೈದ್ಯಕೀಯ. ನಾಝಿ ಸೆರೆಶಿಬಿರಗಳಿಂದ ಪಾರಾಗಿ ಸ್ವೀಡನ್ನಿಗೆ ಬಂದವರ ತಪಾಸಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಕೈಜೋಡಿಸಿದ್ದರು. 1951ರಲ್ಲಿ ಎಂ.ಡಿ. ಮುಗಿಯಿತು. ಆಗ ಅವರ ಸಂಶೋಧನೆ ಕ್ಯಾಲ್ಸಿಯಂ ಕುರಿತಾಗಿತ್ತು. ಅದು ಔಷಧವಿಜ್ಞಾನದ ಮುಖ್ಯ ವಿಷಯವೇ ಅಲ್ಲ ಎಂದು ಆಯ್ಕೆಯ ತಜ್ಞರು ಅವರನ್ನು ಬದಿಗಿಟ್ಟರು. ವಿಷಯ ಬದಲಿಸಿದ ಕಾರ್ಲ್‌ಸನ್ 1955ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿದ್ದ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯ ಸೇರಿದರು.

ಅಲ್ಲಿ ಅವರ ಕೈಗೆ ಬಂದದ್ದು ನಮ್ಮ ಸರ್ಪಗಂಧಿಯ ಸತ್ವ. ಈ ಬೇರು ರಕ್ತದೊತ್ತಡ ತಗ್ಗಿಸುತ್ತದೆಂದು ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. 1952ರಲ್ಲಿ ಸ್ವಿಸ್ ಕಂಪನಿ ಸೀಬಾದ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಮನೋರೋಗಿಗಳಿಗೂ ಅದನ್ನು ಕೊಡುತ್ತಿದ್ದರು. ಕೆಲವರಲ್ಲಿ ಪಾರ್ಕಿನ್ಸನ್‌ನಂಥದ್ದೇ ನಡುಕ, ಬಿಗಿತ ಕಾಣಿಸಿಕೊಳ್ಳುತ್ತಿತ್ತು. ರೆಸರ್ಪಿನ್ ಮಿದುಳಿನಲ್ಲಿರುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬರಿದುಮಾಡುತ್ತದೆ ಎಂದು ಬ್ರೋಡಿ ತಂಡ ತೋರಿಸಿತ್ತು. ಊರಿಗೆ ಮರಳಿದ ಕಾರ್ಲ್‌ಸನ್, ನಿಲ್ಸ್-ಓಕೆ ಹಿಲ್ಲಾರ್ಪ್ ಜೊತೆಗೂಡಿ, ನೊರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕ ಕೂಡ ಬರಿದಾಗುತ್ತದೆಂದು ಕಂಡುಕೊಂಡರು.

ದೇಹ ಡೋಪಾದಿಂದಲೇ ನೊರ್‌ಅಡ್ರಿನಲಿನ್ ತಯಾರಿಸುತ್ತದೆ. ಹಾಗಾಗಿ ಮೊಲಗಳಿಗೆ ಡೋಪಾ ಕೊಟ್ಟರು. ಮೊಲಗಳೇನೋ ಎದ್ದವು, ಆದರೆ ಅವುಗಳ ಮಿದುಳಿನಲ್ಲಿ ನೊರ್‌ಅಡ್ರಿನಲಿನ್ ಹೆಚ್ಚಿರಲೇ ಇಲ್ಲ. ಹಾಗಾದರೆ ಎಬ್ಬಿಸಿದ್ದು ಯಾವುದು? ಉಳಿದದ್ದು ಡೋಪಮೈನ್. ಅದನ್ನು ಎಲ್ಲರೂ ನೊರ್‌ಅಡ್ರಿನಲಿನ್‌ಗೆ ಹೋಗುವ ದಾರಿಯ ಒಂದು ಸ್ಟಾಪು ಎಂದಷ್ಟೇ ತಿಳಿದಿದ್ದರು. ಬೆಳಕು ಹಾಯಿಸಿದಾಗ ವಸ್ತು ಹೊಮ್ಮಿಸುವ ಮಿನುಗನ್ನು ಅಳೆಯುವ ಯಂತ್ರದ ನೆರವಿನಿಂದ, ಮಿದುಳಿನಲ್ಲಿ ಡೋಪಮೈನ್ ಇದೆ, ರೆಸರ್ಪಿನ್ ಅದನ್ನು ಖಾಲಿ ಮಾಡುತ್ತದೆ, ಡೋಪಾ ಮತ್ತೆ ತುಂಬುತ್ತದೆ ಎಂದು 1958ರಲ್ಲಿ ಕಾರ್ಲ್‌ಸನ್ ತಂಡ ತೋರಿಸಿತು. ಚಲನೆಯನ್ನು ನಿಯಂತ್ರಿಸುವ ಸ್ಟ್ರಯಾಟಮ್ ಭಾಗದಲ್ಲೇ ಅದು ಹೆಚ್ಚಾಗಿದೆ ಎಂದು ಮರುವರ್ಷ ಅವರ ಶಿಷ್ಯರಾದ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್ ಕಂಡರು.

ಇಷ್ಟಾದರೂ 1960ರ ಲಂಡನ್ ವಿಚಾರ ಸಂಕಿರಣದಲ್ಲಿ ಘಟಾನುಘಟಿಗಳು ಡೋಪಮೈನ್‌ಗೆ ಇಂಥ ಪಾತ್ರವಿದೆ ಎಂದು ಒಪ್ಪಲಿಲ್ಲ. ನೊಬೆಲ್ ವಿಜೇತ ಹೆನ್ರಿ ಡೇಲ್ ಅವರಂತೂ ಡೋಪಾವನ್ನು ವಿಷವೆಂದೇ ಕಂಡರು. ಅದೇ ವರ್ಷ ವಿಯೆನ್ನಾದಲ್ಲಿ ಒಲೆ ಹೋರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ಸತ್ತವರ ಮಿದುಳಿನ ಸ್ಟ್ರಯಾಟಮ್‌ನಲ್ಲಿ ಡೋಪಮೈನ್ ತೀರಾ ಕುಸಿದಿರುವುದನ್ನು ಪ್ರಕಟಿಸಿದರು. 1961ರಲ್ಲಿ ವೈದ್ಯ ವಾಲ್ಟರ್ ಬಿರ್ಕ್‌ಮೇಯರ್ ಜೊತೆ ರೋಗಿಗಳಿಗೆ ಡೋಪಾ ಚುಚ್ಚಿ ನೋಡಿದಾಗ, ಹಾಸಿಗೆ ಹಿಡಿದವರು ಎದ್ದು ನಡೆದರು. ಆದರೆ ಫಲ ಕೆಲವೇ ಗಂಟೆಗಳದು. ಹೊತ್ತುಹೊತ್ತಿಗೆ ನುಂಗುವ ಔಷಧವಾಗಿ, ಪ್ರಮಾಣವನ್ನು ಮೆಲ್ಲನೆ ಏರಿಸುತ್ತ ಕೊಡುವ ಕ್ರಮ ಹೊರಟದ್ದು 1967ರಲ್ಲಿ, ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಅವರಿಂದ. ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಇದೇ ಡೋಪಾ ಇದೆ. 1937ರಲ್ಲೇ ದಾಮೋದರನ್, ರಾಮಸ್ವಾಮಿ ಎಂಬ ಸಂಶೋಧಕರು ಅದನ್ನು ಬೇರ್ಪಡಿಸಿದ್ದರು.

1959ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದ ಕಾರ್ಲ್‌ಸನ್ ಅಲ್ಲೇ ನೆಲೆಯೂರಿದರು. ಅವರ ಸಂಶೋಧನೆಯಿಂದ ಬಂದ ಖಿನ್ನತೆಯ ಔಷಧ ಜಿಮೆಲಿಡಿನ್, ನರಗಳಿಗೆ ತೊಂದರೆ ಕೊಟ್ಟಿದ್ದರಿಂದ 1983ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಸೆರೊಟೋನಿನ್ ಉಳಿಸುವ ಅದೇ ಬಗೆಯ ಬೇರೆ ಔಷಧಗಳು ಮನೆಮಾತಾದವು. 2000ದಲ್ಲಿ ಪಾಲ್ ಗ್ರೀನ್‌ಗಾರ್ಡ್, ಎರಿಕ್ ಕ್ಯಾಂಡೆಲ್ ಅವರೊಂದಿಗೆ ನೊಬೆಲ್ ಬಂತು. 2018ರಲ್ಲಿ, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹೋರ್ನಿಕೀವಿಚ್ ಅವರನ್ನು ನೊಬೆಲ್ ಸಮಿತಿ ಬಿಟ್ಟಿದ್ದಕ್ಕೆ ಇನ್ನೂರಕ್ಕೂ ಹೆಚ್ಚು ನರವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಅವರ ದೂರಿನಲ್ಲಿ ಹುರುಳಿತ್ತು. ಕಾರ್ಲ್‌ಸನ್ ಡೋಪಮೈನನ್ನು ಮಿದುಳಿನ ದೂತನೆಂದು ಗುರುತಿಸಿದರು. ಅದರ ಕೊರತೆಯನ್ನು ರೋಗಿಯ ಮಿದುಳಿನಲ್ಲಿ ಅಳೆದವರು, ಗುಣ ಕಾಣುವಷ್ಟು ಪ್ರಮಾಣ ಕಂಡುಹಿಡಿದವರು ಬೇರೆಯವರು. ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಆ ಮಾತ್ರೆ ರೋಗಿಯ ಕೈಸೇರುವುದು ತಡವಾಗುತ್ತಿತ್ತು.