ಓಕ್‌ಲಾನ್ ಸ್ಮಶಾನದ ಹದಿನೆಂಟು ಮಂದಿ

1946ರಲ್ಲಿ ಅಮೆರಿಕದ ಟಲ್ಸಾ ವಿಶ್ವವಿದ್ಯಾಲಯದ ಲೋರೆನ್ ಗಿಲ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕೆ ಊರವರು ಬಾಯಿ ಬಿಡದ ವಿಷಯವೊಂದನ್ನು ಎತ್ತಿಕೊಂಡ. ಇಪ್ಪತ್ತೈದು ವರ್ಷದ ಹಿಂದೆ, 1921ರ ಮೇ 31ರ ರಾತ್ರಿಯಿಂದ ಜೂನ್ 1ರವರೆಗೆ, ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆ ಬಿಳಿಯರ ಗಲಭೆಯಲ್ಲಿ ಉರಿದು ಬೂದಿಯಾಗಿತ್ತು. ರೆಡ್‌ಕ್ರಾಸ್ ಲೆಕ್ಕಹಾಕಿದ್ದ ಪ್ರಕಾರ ಸುಟ್ಟ ಮನೆಗಳೇ 1,256. ಇಷ್ಟಕ್ಕೆಲ್ಲ ಮೂಲ ‘ಟಲ್ಸಾ ಟ್ರಿಬ್ಯೂನ್’ನ ಆ ದಿನದ ಸಂಚಿಕೆ ಎಂಬ ಮಾತಿತ್ತು. ಆದರೆ ಆ ಸಂಚಿಕೆಯನ್ನು ಮೈಕ್ರೋಫಿಲ್ಮ್‌ಗೆ ಏರಿಸುವ ಹೊತ್ತಿಗಾಗಲೇ ಮೊದಲ ಪುಟದ ಒಂದು ಸುದ್ದಿ, ಜೊತೆಗೆ ಸಂಪಾದಕೀಯ ಪುಟದ ಬಹುಭಾಗ ಕಾಣೆಯಾಗಿದ್ದವು. ಯಾರೋ ಬೇಕೆಂದೇ ಹರಿದು ತೆಗೆದಿದ್ದರು. ಗಿಲ್ ಪಟ್ಟು ಬಿಡಲಿಲ್ಲ. ಕಾಣೆಯಾದ ಸುದ್ದಿಯನ್ನು ತನ್ನ ಪ್ರಬಂಧದಲ್ಲಿ ಮತ್ತೆ ಅಚ್ಚಿಗೆ ತಂದ. ಬೂಟ್ ಪಾಲಿಶ್ ಮಾಡುವ ಕಪ್ಪು ತರುಣನೊಬ್ಬ ಲಿಫ್ಟ್ ನಡೆಸುವ ಬಿಳಿಯ ಹುಡುಗಿಯ ಮೇಲೆ ಕೈಮಾಡಿದ ಎಂದು ಅದರಲ್ಲಿತ್ತು. ಸಂಪಾದಕೀಯ ಇಂದಿಗೂ ಸಿಕ್ಕಿಲ್ಲ.

ಮುಂದಿನ ದೃಶ್ಯ 1950ರ ದಶಕದ್ದು. ಗ್ರೀನ್‌ವುಡ್‌ನ ಬೂಕರ್ ಟಿ. ವಾಷಿಂಗ್ಟನ್ ಹೈಸ್ಕೂಲಿನಲ್ಲಿ ಡಬ್ಲ್ಯು.ಡಿ. ವಿಲಿಯಮ್ಸ್ ಮೇಷ್ಟ್ರು ಒಂದು ದಿನ ತಮ್ಮ ಹರೆಯದಲ್ಲಿ ಕಂಡದ್ದನ್ನು ಮಕ್ಕಳ ಮುಂದೆ ಹೇಳಿಕೊಂಡರು. ಅವರ ತಂದೆತಾಯಿಯ ಡ್ರೀಮ್‌ಲ್ಯಾಂಡ್ ಚಿತ್ರಮಂದಿರವೂ ಆ ಬೆಂಕಿಗೆ ಆಹುತಿಯಾಗಿತ್ತು. ಡಾನ್ ರಾಸ್ ಎಂಬ ಹುಡುಗ, ಹಾಗೆಲ್ಲ ನಡೆದೇ ಇಲ್ಲ ಎಂದು ಮೇಷ್ಟ್ರಿಗೇ ಎದುರು ನುಡಿದ. ಅದೇ ಊರಿನಲ್ಲಿ, ಅದೇ ಬೀದಿಗಳಲ್ಲಿ ಬೆಳೆದ ಹುಡುಗನ ಕಿವಿಗೆ ಒಂದು ಮಾತೂ ಬಿದ್ದಿರಲಿಲ್ಲ. ಮೇಷ್ಟ್ರು ವಾದಕ್ಕೆ ಇಳಿಯದೆ ಫೋಟೋಗಳ ಆಲ್ಬಮ್ ತಂದು ತೋರಿಸಿದರು. ಗೋಡೆಗಳಷ್ಟೇ ನಿಂತ ಮನೆಗಳು, ಕರಕಲಾದ ಹೆಣಗಳು. ಇಂಥ ಚಿತ್ರಗಳನ್ನು ಆ ಕಾಲದಲ್ಲಿ ಪೋಸ್ಟ್‌ಕಾರ್ಡ್ ಮಾಡಿ ಮಾರಿದ್ದರು ಎಂಬುದು ಓದಿದರೆ ಹೊಟ್ಟೆ ತೊಳಸುವ ಸತ್ಯ.

ಆ ಆಲ್ಬಮ್ ಡಾನ್ ರಾಸ್‌ನನ್ನು ಬಿಡಲಿಲ್ಲ. 1971ರಲ್ಲಿ ಎಡ್ ವೀಲರ್ ಎಂಬ ಬಿಳಿಯ ಲೇಖಕ ಗಲಭೆಯ ಐವತ್ತನೇ ವರ್ಷಕ್ಕೆಂದು ಬರೆದ ಲೇಖನವನ್ನು ಬರೆಸಿದವರೇ ಬೇಡವೆಂದರು. ಕಣ್ಣಾರೆ ಕಂಡವರನ್ನು ಮಾತನಾಡಿಸುತ್ತ ಅಲೆದಾಡುತ್ತಿದ್ದಾಗ ಆತನ ಕಾರಿನ ಗಾಜಿನ ಮೇಲೆ ಯಾರೋ ಸೋಪಿನಿಂದ ಬೆದರಿಕೆ ಗೀಚಿಹೋಗಿದ್ದರು. ಇನ್ನು ಮುಂದೆ ಬಾನೆಟ್ ಕೆಳಗೊಮ್ಮೆ ನೋಡಿಕೊಂಡೇ ಗಾಡಿ ತೆಗೆ ಎಂಬುದು ಅದರ ತಾತ್ಪರ್ಯ. ಕೊನೆಗೆ ಆ ಲೇಖನ ಬೆಳಕು ಕಂಡದ್ದು ಡಾನ್ ರಾಸ್ ಸಂಪಾದಿಸುತ್ತಿದ್ದ ‘ಇಂಪ್ಯಾಕ್ಟ್’ ಎಂಬ ಪುಟ್ಟ ಪತ್ರಿಕೆಯಲ್ಲಿ. ಮುಂದೆ ಓಕ್ಲಹೋಮ ರಾಜ್ಯದ ಶಾಸಕರಾದ ರಾಸ್ 1997ರಲ್ಲಿ ಪಟ್ಟು ಹಿಡಿದು ತನಿಖಾ ಆಯೋಗ ರಚಿಸುವಂತೆ ಮಾಡಿದರು. ಮೇಷ್ಟ್ರನ್ನು ನಂಬದ ಹುಡುಗ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಕೊಡಲಾರ.

ಆಯೋಗದ ಮುಂದಿದ್ದ ಕಠಿಣ ಪ್ರಶ್ನೆ ಒಂದೇ: ಸತ್ತವರೆಲ್ಲಿ? ಸರ್ಕಾರ ಆಗ ಒಪ್ಪಿಕೊಂಡದ್ದು 36 ಸಾವು. ಜನರ ಬಾಯಲ್ಲಿದ್ದದ್ದು ಮುನ್ನೂರು. 1999ರಲ್ಲಿ ಕ್ಲೈಡ್ ಎಡ್ಡಿ ಎಂಬ ವೃದ್ಧರು ತಾವಾಗಿಯೇ ಮುಂದೆ ಬಂದರು. ಗಲಭೆಯಾದಾಗ ಹತ್ತು ವರ್ಷದ ಬಾಲಕ. ಓಕ್‌ಲಾನ್ ಸ್ಮಶಾನದ ಪಕ್ಕ ಹಾದುಹೋಗುವಾಗ ಆಳುಗಳು ಉದ್ದನೆಯ ಗುಂಡಿ ತೋಡುತ್ತಿದ್ದುದನ್ನೂ, ಬದಿಯಲ್ಲಿ ದೊಡ್ಡ ಮರದ ಪೆಟ್ಟಿಗೆಗಳಿದ್ದುದನ್ನೂ ನೋಡಿದ್ದ. ಹುಡುಗುಬುದ್ಧಿ, ಒಂದರ ಮುಚ್ಚಳ ಎತ್ತಿ ಇಣುಕಿದ. ಒಳಗೆ ಕಪ್ಪು ಜನರ ಹೆಣಗಳು. ಸುಮಾರು ಎಂಟು ದಶಕ ಹೊತ್ತುಕೊಂಡಿದ್ದ ಆ ನೋಟವನ್ನು ಅವರು ಕೊನೆಗೂ ಇಳಿಸಿದರು. ನೆಲದೊಳಗೆ ಅಲೆ ಹಾಯಿಸಿ ನೋಡುವ ಯಂತ್ರಗಳೂ ಅವರು ತೋರಿದ ಜಾಗದ ಸುತ್ತ ಮಣ್ಣು ಕದಲಿದ ಗುರುತು ಹಿಡಿದವು. ಆದರೂ ಅಗೆಯಲು ಅನುಮತಿ ಸಿಗಲಿಲ್ಲ. 2001ರಲ್ಲಿ ವರದಿ ಸಲ್ಲಿಕೆಯಾಯಿತು, ನೆಲ ಹಾಗೇ ಉಳಿಯಿತು.

2018ರಲ್ಲಿ ಮೇಯರ್ ಜಿ.ಟಿ. ಬೈನಮ್ ಶೋಧಕ್ಕೆ ಮತ್ತೆ ಚಾಲನೆ ಕೊಟ್ಟರು. 2020ರ ಜುಲೈ ತಿಂಗಳ ಸುಡು ಬಿಸಿಲಿನಲ್ಲಿ ಕೊನೆಗೂ ಸ್ಮಶಾನಕ್ಕೆ ಯಂತ್ರಗಳು ಬಂದವು. ಮೂಳೆಗಳಿಂದ ಸಾವಿನ ಕಾರಣ ಓದುವ ತಜ್ಞೆ ಫೀಬಿ ಸ್ಟಬಲ್‌ಫೀಲ್ಡ್ ಗುಂಡಿಯ ಅಂಚಿನಲ್ಲಿ ಕಾದಿದ್ದರು. ಅವರ ದೊಡ್ಡಜ್ಜಿಯೊಬ್ಬರು ಅದೇ ಬೆಂಕಿಯಲ್ಲಿ ಮನೆ ಕಳೆದುಕೊಂಡವರು. ಒಂದು ವಾರಕ್ಕೂ ಮಿಗಿಲಾಗಿ ಅಗೆದರು. ಏನೂ ಸಿಗಲಿಲ್ಲ. ಸಾಮೂಹಿಕ ಗೋರಿ ಎಂಬುದೆಲ್ಲ ಕಟ್ಟುಕತೆ ಎನ್ನುತ್ತ ಬಂದವರಿಗೆ ಇದಕ್ಕಿಂತ ಬೇಕೆ?

ಸೋತ ತಂಡ ಯಂತ್ರವನ್ನು ಬಿಟ್ಟು ಕಾಗದಕ್ಕೆ ಮರಳಿತು. 1921ರಲ್ಲಿ ಅಂತ್ಯಕ್ರಿಯೆ ನಡೆಸಿದವರ ಹಳೆಯ ದಾಖಲೆಗಳಲ್ಲಿ ಹದಿನೆಂಟು ಮಂದಿ ಕಪ್ಪು ಗಂಡಸರನ್ನು ಓಕ್‌ಲಾನ್‌ನಲ್ಲಿ ಹೂತ ಉಲ್ಲೇಖವಿತ್ತು. ಗಲಭೆಯಲ್ಲಿ ಸತ್ತವರದೆಂದು ಅಲ್ಲಿ ಇದ್ದದ್ದು ಎರಡೇ ಗೋರಿಗಲ್ಲು: ರೂಬೆನ್ ಎವರೆಟ್ ಮತ್ತು ಎಡ್ಡೀ ಲಾಕರ್ಡ್ ಅವರವು. ಆ ಹದಿನೆಂಟು ಮಂದಿ ಈ ಎರಡು ಕಲ್ಲುಗಳ ಹತ್ತಿರವೇ ಇರಬೇಕು. ಅಕ್ಟೋಬರಿನಲ್ಲಿ ಅಲ್ಲಿ ಅಗೆದರು. ಮಣ್ಣಿನಲ್ಲಿ ಮೊದಲು ಕಂಡದ್ದು ಪೆಟ್ಟಿಗೆಯ ಆಕಾರ, ಅದರ ಮಗ್ಗುಲಲ್ಲಿ ಇನ್ನೊಂದು, ಮತ್ತೊಂದು. ಎಣಿಸಿದಾಗ ಹನ್ನೆರಡು. ಒಂದೇ ಗುಂಡಿಯಲ್ಲಿ ಸಾಲಾಗಿ ಇಟ್ಟ ಶವಪೆಟ್ಟಿಗೆಗಳು, ಮೇಲೆ ಒಂದು ಗುರುತೂ ಇಲ್ಲ. 2021ರ ಜೂನ್‌ನಲ್ಲಿ ಹತ್ತೊಂಬತ್ತು ಮಂದಿಯ ಅವಶೇಷಗಳನ್ನು ಮೇಲೆತ್ತಿದರು. ಒಬ್ಬನ ತಲೆಗೆ ಗುಂಡು ಬಿದ್ದಿತ್ತು. ಇನ್ನೊಂದು ಗುಂಡು ನೂರು ವರ್ಷದ ಮೇಲೂ ಭುಜದಲ್ಲೇ ಉಳಿದಿತ್ತು.

ಮೂಳೆಗೆ ಹೆಸರಿಲ್ಲವಲ್ಲ. ಯೂಟಾ ರಾಜ್ಯದ ಇಂಟರ್‌ಮೌಂಟನ್ ಫೊರೆನ್ಸಿಕ್ಸ್ ಪ್ರಯೋಗಾಲಯ ಆ ಅವಶೇಷಗಳಿಂದ ಡಿಎನ್‌ಎ ತೆಗೆದು ವಂಶಾವಳಿ ಜಾಲಾಡಿತು. ಒಬ್ಬನ ಎಳೆ ಜಾರ್ಜಿಯಾ ರಾಜ್ಯದ ಡೇನಿಯಲ್ ಎಂಬ ಕುಟುಂಬಕ್ಕೆ ಹೋಗಿ ಮುಟ್ಟಿತು. ಆ ಮನೆಯ ಹಲವು ಗಂಡುಮಕ್ಕಳಲ್ಲಿ ಇವನು ಯಾರು? ಉತ್ತರ ರಾಷ್ಟ್ರೀಯ ಪತ್ರಾಗಾರದ ಕಡತವೊಂದರಲ್ಲಿ ಮಲಗಿತ್ತು. 1936ರಲ್ಲಿ ವಕೀಲರೊಬ್ಬರು ನಿವೃತ್ತ ಸೈನಿಕರ ಇಲಾಖೆಗೆ, ತಾಯಿ ಅಮಾಂಡಾ ಡೇನಿಯಲ್ ಪರವಾಗಿ ನೆರವು ಕೇಳಿ ಬರೆದಿದ್ದ ಕಾಗದ ಅದು. ಮಗ ಸಿ.ಎಲ್. ಡೇನಿಯಲ್ 1921ರಲ್ಲಿ ಟಲ್ಸಾದ ಜನಾಂಗೀಯ ಗಲಭೆಯಲ್ಲಿ ಸತ್ತನೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವನು. ಬಿಡುಗಡೆಯಾದ ಮೇಲೆ ತಾಯಿಯ ಮನೆ ಸೇರಲು ದಾರಿ ಹುಡುಕುತ್ತಿದ್ದವನು. 2024ರ ಜುಲೈ 12ರಂದು ಅವನ ಹೆಸರನ್ನು ಪ್ರಕಟಿಸಿದರು.

ಇಷ್ಟೆಲ್ಲ ಅಗೆತದ ಕೊನೆಗೆ, ಗಲಭೆ ಯಾಕಾಯಿತು ಎಂಬುದಕ್ಕೆ ಕೈಗೆ ಸಿಕ್ಕ ವಿವರಣೆ ಚಿಕ್ಕದು. ಲಿಫ್ಟಿನ ಘಟನೆ ನೆಪ ಮಾತ್ರ. ಆ ಹುಡುಗಿ ದೂರನ್ನು ಮುಂದುವರಿಸಲೇ ಇಲ್ಲ, ಬೂಟ್ ಪಾಲಿಶ್ ಮಾಡುತ್ತಿದ್ದ ಆ ತರುಣ ಡಿಕ್ ರೋಲೆಂಡ್ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಹಿಂದಿನ ವರ್ಷವಷ್ಟೇ ಅದೇ ಊರಿನ ಗುಂಪೊಂದು ಕೈದಿಯೊಬ್ಬನನ್ನು ಜೈಲಿನಿಂದ ಎಳೆದೊಯ್ದು ಕೊಂದಿತ್ತು. ಅದನ್ನು ಕಂಡಿದ್ದ ಕಪ್ಪು ಮಾಜಿ ಸೈನಿಕರು ರೋಲೆಂಡ್‌ನನ್ನು ಕಾಯಲು ಬಂದೂಕು ಹಿಡಿದು ನ್ಯಾಯಾಲಯದ ಬಳಿ ನಿಂತರು. ಒಂದು ಗುಂಡು ಹಾರಿತು. ಪೊಲೀಸರು ಅಲ್ಲಿ ಸೇರಿದ್ದ ಬಿಳಿಯರ ಗುಂಪನ್ನು ಚದುರಿಸುವ ಬದಲು ಅದೇ ಗುಂಪಿನ ನೂರಾರು ಮಂದಿಗೆ ಪೊಲೀಸ್ ಅಧಿಕಾರ ಕೊಟ್ಟರು. ದುಡಿದು ಮೇಲೆ ಬಂದಿದ್ದ ಗ್ರೀನ್‌ವುಡ್ ಮೇಲಿದ್ದ ಹೊಟ್ಟೆಕಿಚ್ಚಿಗೆ ಕಾನೂನಿನ ಬಿಲ್ಲೆ ಸಿಕ್ಕಿತು. ಆಮೇಲೆ ಗಲಭೆಯ ನೆಪ ಹೇಳಿ ವಿಮಾ ಕಂಪನಿಗಳು ಹಣ ಕೊಡಲಿಲ್ಲ. ನಗರಸಭೆ ಮತ್ತೆ ಮನೆ ಕಟ್ಟದಂತೆ ನಿಯಮ ತಂದಿತು. ವಕೀಲ ಬಿ.ಸಿ. ಫ್ರಾಂಕ್ಲಿನ್ ಗುಡಾರದಲ್ಲಿ ಕಚೇರಿ ತೆರೆದು ಅದರ ವಿರುದ್ಧ ಹೋರಾಡಿ ಗೆದ್ದರು.

ಡೇನಿಯಲ್ ಹೆಸರು ಹೊರಬರುವ ತಿಂಗಳ ಹಿಂದೆ, 2024ರ ಜೂನ್‌ನಲ್ಲಿ, ಬದುಕುಳಿದಿದ್ದ ಇಬ್ಬರು ಶತಾಯುಷಿ ಹೆಂಗಸರ ಪರಿಹಾರದ ದಾವೆಯನ್ನು ಓಕ್ಲಹೋಮ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಗ್ರೀನ್‌ವುಡ್‌ನಲ್ಲಿ ಬಿದ್ದ ಹೆಣಗಳಿಗಾಗಲಿ ಸುಟ್ಟ ಮನೆಗಳಿಗಾಗಲಿ ಒಬ್ಬ ಬಿಳಿಯನಿಗೂ ಶಿಕ್ಷೆಯಾಗಲಿಲ್ಲ.